ಹಲ್ಲಿನ ವೈದ್ಯರ ದಣಿವು

ಹಲ್ಲು ನೋಯುವವನಿಗೆ ಲೋಕವೆಲ್ಲ ಒಂದು ದವಡೆಯಷ್ಟಾಗಿ ಕುಗ್ಗಿರುತ್ತದೆ. ಹೊಟ್ಟೆನೋವನ್ನು ಓಮದ ನೀರಿನಿಂದ, ತಲೆನೋವನ್ನು ಬಿಗಿದು ಕಟ್ಟಿದ ಬಟ್ಟೆಯಿಂದ ಒಂದು ರಾತ್ರಿಯ ಮಟ್ಟಿಗೆ ಮುಂದೂಡಬಹುದು. ಹಲ್ಲುನೋವು ಹಾಗಲ್ಲ, ಲವಂಗಕ್ಕೆ ತುಸು ಹೊತ್ತು ಮಣಿದಂತೆ ಮಾಡಿ ನಡುರಾತ್ರಿಯಲ್ಲಿ ಮತ್ತೆ ಎದ್ದು ಕೂರುತ್ತದೆ. ಹೀಗೆ ನಿದ್ದೆಗೆಟ್ಟು, ಆಸ್ಪತ್ರೆಯ ಬಾಗಿಲು ತೆರೆಯುವ ಮೊದಲೇ ಬಂದು ಮೆಟ್ಟಿಲ ಮೇಲೆ ಕುಳಿತವನಿಗೆ, ಮುಖಗವಸು ತೊಟ್ಟು ಒಳಗಿನಿಂದ ಬರುವ ವೈದ್ಯೆಯೂ ರಾತ್ರಿ ಕಣ್ಣು ಮುಚ್ಚಿಲ್ಲವೆಂಬುದು ತಿಳಿಯುವ ಸಂಭವವಿಲ್ಲ. ತಿಳಿಯಬೇಕಾದ ಕಾರಣವೂ ಇಲ್ಲ. ರೋಗಿಯ ನೋವಿಗೆ ಒಂದು ಚೀಟಿಯುಂಟು, ಒಂದು ಕುರ್ಚಿಯುಂಟು, ಸರದಿಯ ಸಂಖ್ಯೆಯುಂಟು. ವೈದ್ಯೆಯ ದಣಿವಿಗೆ ಇವು ಯಾವುವೂ ಇಲ್ಲ.

ದಂತವೈದ್ಯರಾಗಲು ನಾಲ್ಕು ವರ್ಷದ ಓದು, ಒಂದು ವರ್ಷದ ಇಂಟರ್ನ್‌ಷಿಪ್. ಅಲ್ಲಿಗೆ ಬಿಡಿಎಸ್ ಮುಗಿದು ಹೆಸರಿನ ಮುಂದೆ ‘ಡಾಕ್ಟರ್’ ಎಂದು ಸೇರುತ್ತದೆ. ತಜ್ಞರಾಗಬೇಕೆಂದರೆ ನೀಟ್-ಎಂಡಿಎಸ್ ಎಂಬ 240 ಪ್ರಶ್ನೆಗಳ ಪರೀಕ್ಷೆಯನ್ನು ದಾಟಿ, ಒಂಬತ್ತು ಶಾಖೆಗಳಲ್ಲಿ ಯಾವುದಾದರೊಂದನ್ನು ಹಿಡಿದು ಮತ್ತೆ ಮೂರು ವರ್ಷ ದುಡಿಯಬೇಕು. ಈ ಮೂರು ವರ್ಷಗಳಲ್ಲಿ ಅವರನ್ನು ಏನೆಂದು ಕರೆಯಬೇಕೆಂಬುದೇ ತೊಡಕಿನ ಪ್ರಶ್ನೆ. ಶುಲ್ಕ ಕಟ್ಟುವಾಗ ಅವರು ವಿದ್ಯಾರ್ಥಿಗಳು. ರೋಗಿಯ ಮುಂದೆ ಡಾಕ್ಟರು. ಕಿರಿಯರ ಪ್ರಾಯೋಗಿಕ ತರಗತಿಯಲ್ಲಿ ಮೇಷ್ಟ್ರು. ವಿಭಾಗದ ದಾಖಲೆ ಪುಸ್ತಕಗಳ ಮುಂದೆ ಗುಮಾಸ್ತರು. ಎಲ್ಲರ ಬಾಯಲ್ಲೂ ಉಳಿದಿರುವ ಹೆಸರು ‘ಪಿಜಿ’. ಎರಡಕ್ಷರದ ಈ ಹೆಸರಿಗೆ ಒಂದು ಅನುಕೂಲವುಂಟು: ಕೆಲಸ ಹೇಳುವವನಿಗೆ ಪಿಜಿ ವೈದ್ಯನಾಗಿ ಕಾಣುತ್ತಾನೆ, ರಜೆ ಕೊಡಬೇಕಾದವನಿಗೆ ವಿದ್ಯಾರ್ಥಿಯಾಗಿ ಕಾಣುತ್ತಾನೆ.

ಮಕ್ತಲ್, ನಾರಾಯಣಪೇಟೆ, ಗದ್ವಾಲಗಳಿಂದ ಈ ಓದಿಗೆ ಹೊರಡುವ ಮಕ್ಕಳು ಇನ್ನೊಂದು ಬಗೆಯಲ್ಲಿಯೂ ನಡುವಿನವರು. 1956ರಲ್ಲಿ ರಾಜ್ಯಗಳು ಮರುವಿಂಗಡಣೆಯಾದಾಗ ರಾಯಚೂರು ಜಿಲ್ಲೆ ಮೈಸೂರಿಗೆ ಬಂದಿತು. ಅದರ ಗದ್ವಾಲ ಮತ್ತು ಆಲಂಪುರ ತಾಲ್ಲೂಕುಗಳು ಮಾತ್ರ ಆಂಧ್ರದ ಪಾಲಿಗೆ ಉಳಿದವು. ಮಕ್ತಲ್ ಮತ್ತು ನಾರಾಯಣಪೇಟೆಗಳು ಮೊದಲಿನಿಂದ ಮೆಹಬೂಬನಗರ ಜಿಲ್ಲೆಯವು. ಗದ್ವಾಲ 2016ರಲ್ಲಿ, ನಾರಾಯಣಪೇಟೆ 2019ರಲ್ಲಿ ತೆಲಂಗಾಣದ ಹೊಸ ಜಿಲ್ಲೆಗಳ ಕೇಂದ್ರಗಳಾದವು. ಗಡಿಯ ಗೆರೆ ಎಲ್ಲಿ ಹಾದರೂ ಮನೆಯೊಳಗಿನ ಮಾತು ಅದಕ್ಕೆ ತಕ್ಕಂತೆ ಮಗ್ಗುಲು ಬದಲಿಸಲಿಲ್ಲ. ಹರಿದಾಸರಾದ ಗೋಪಾಲದಾಸರ ನೆನಪನ್ನು ಉಳಿಸಿಕೊಂಡ ಉತ್ತನೂರು ಇಂದು ಗದ್ವಾಲ ಜಿಲ್ಲೆಯಲ್ಲಿದೆ. ಮಕ್ತಲ್‌ನಿಂದ ಕೃಷ್ಣೆಯ ಸೇತುವೆ ದಾಟಿದರೆ ರಾಯಚೂರು; ಗದ್ವಾಲದವರಿಗೆ ಆ ನದಿಯನ್ನೂ ದಾಟಬೇಕಿಲ್ಲ, ಎರಡು ನದಿಗಳ ನಡುವಿನ ಅದೇ ನೆಲ ಪಶ್ಚಿಮಕ್ಕೆ ರಾಯಚೂರಿನವರೆಗೆ ಹಬ್ಬಿದೆ. ಈ ಊರುಗಳ ಮಗು ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತೆಲುಗು, ಅಂಗಡಿಯಲ್ಲಿ ಉರ್ದು ಆಡುತ್ತ ಬೆಳೆಯುತ್ತದೆ. ಮೂರೂ ಅರ್ಧಂಬರ್ಧ ಎಂದು ಪಟ್ಟಣದವರು ನಗುತ್ತಾರೆ. ನಗುವವರಿಗೆ ಒಂದೇ ಭಾಷೆ ಗೊತ್ತಿರುತ್ತದೆ ಎಂಬುದು ಬೇರೆ ಮಾತು.

ನಾರಾಯಣಪೇಟೆಯ ಒಬ್ಬ ನೇಕಾರರ ಮಗಳು ಈ ಮೂರು ಭಾಷೆಗಳ ಬಂಡವಾಳದೊಡನೆ ಕಲ್ಯಾಣ ಕರ್ನಾಟಕದ ಒಂದು ಖಾಸಗಿ ಕಾಲೇಜಿಗೆ ಎಂಡಿಎಸ್ ಓದಲು ಬಂದಳು. ಅವಳು ಆರಿಸಿಕೊಂಡದ್ದು ಹುಳುಕು ಹಲ್ಲನ್ನು ಕೀಳದೆ ಉಳಿಸುವ ಶಾಖೆ. ಜನರ ಮಾತಿನಲ್ಲಿ ರೂಟ್ ಕೆನಾಲ್ ವಿಭಾಗ. ಮನೆಯ ಮೇಲೆ ಬ್ಯಾಂಕಿನ ಸಾಲ. ತಂದೆ ನೇಯುವುದು ಊರಿನ ಹೆಸರನ್ನೇ ಹೊತ್ತ ಸೀರೆಯನ್ನು. ಒಡಲಲ್ಲಿ ಚೌಕಳಿ, ಅಂಚಿನಲ್ಲಿ ಗೋಪುರದ ಸಾಲು. ನೂಲು ಎಣಿಸುವ ಕಣ್ಣು ಅವಳಿಗೆ ಅಲ್ಲಿಂದಲೇ ಬಂದಿರಬೇಕು. ಹಲ್ಲಿನ ಬೇರಿನೊಳಗಿನ ನಾಳ ಕೂದಲಿನಷ್ಟು ತೆಳುವು, ಕೆಲವೊಮ್ಮೆ ಕುಡುಗೋಲಿನಂತೆ ಬಾಗಿದ್ದು. ಮೇಲಿನ ಮೊದಲ ದವಡೆಹಲ್ಲಿನಲ್ಲಿ ಮೂರು ನಾಳಗಳು ಸಿಕ್ಕವೆಂದು ನೆಮ್ಮದಿಯಾಗುವಂತಿಲ್ಲ. ನಾಲ್ಕನೆಯದೊಂದು ಅಡಗಿ ಕುಳಿತಿರುತ್ತದೆ, ಅದನ್ನು ಬಿಟ್ಟು ಮುಚ್ಚಿದರೆ ನೋವು ಮರಳುತ್ತದೆ. ಒಳಗೆ ಇಳಿಸುವ ಉಕ್ಕಿನ ಫೈಲು ಸೂಜಿಗಿಂತ ಸಣ್ಣದು. ಅದರ ತುದಿ ನಾಳದೊಳಗೆ ಮುರಿದರೆ ಬೆವರು ಕಿತ್ತು ಬರುತ್ತದೆ. ಮಗ್ಗದಲ್ಲಿ ನೂಲು ಹರಿದರೆ ಗಂಟು ಹಾಕಬಹುದು. ಇಲ್ಲಿ ಗಂಟಿಗೆ ಎಡೆಯಿಲ್ಲ.

ಮೊದಲ ವರ್ಷ ಅವಳಿಗೆ ವಿಭಾಗದಲ್ಲಿ ಒಂದು ಸಣ್ಣ ಹೆಸರು ಬಂದದ್ದು ಕೈಚಳಕದಿಂದಲ್ಲ, ಕಿವಿಯಿಂದ. ರೋಗಿಯ ಮುಖ್ಯ ದೂರನ್ನು ರೋಗಿಯ ಮಾತಿನಲ್ಲಿಯೇ ಬರೆದುಕೊಳ್ಳಬೇಕೆಂಬುದು ವೈದ್ಯಕೀಯದ ಹಳೆಯ ನಿಯಮ. ಬಹುಪಾಲು ಕಡೆ ಆ ಜಾಗದಲ್ಲಿ ‘ನೋವು’ ಎಂಬುದಕ್ಕೆ ಸಮಾನವಾದ ಒಂದು ಇಂಗ್ಲಿಷ್ ಪದ ಕುಳಿತು ಕೆಲಸ ಮುಗಿಯುತ್ತದೆ. ಅವಳು ಹಾಗೆ ಮಾಡಲಿಲ್ಲ. ತಣ್ಣೀರು ತಗಲಿದಾಗ ಮಾತ್ರ ‘ಜುಂ’ ಎನ್ನುವ ಹಲ್ಲು ಬೇರೆ, ಏನೂ ತಗಲದೆ ತಾನಾಗಿ ‘ಚಳಕು’ ಹೊಡೆಯುವ ಹಲ್ಲು ಬೇರೆ. ಮಲಗಿದೊಡನೆ ಹೆಚ್ಚಾಗುವ ಮಿಡಿತವನ್ನು ತೆಲುಗಿನ ಮುದುಕ ‘ಸಲುಪು’ ಎನ್ನುತ್ತಾನೆ. ಉರ್ದು ಮಾತಾಡುವ ತಾಯಿ ‘ಟೀಸ್’ ಎಂದು ಹೇಳಿ ಕಣ್ಣು ಮುಚ್ಚಿಕೊಳ್ಳುತ್ತಾಳೆ. ಇವು ಮಾತಿನ ಅಲಂಕಾರಗಳಲ್ಲ. ತಣ್ಣಗಿನದಕ್ಕೆ ಜುಮ್ಮೆಂದು ಕೂಡಲೇ ನಿಲ್ಲುವ ನೋವಾದರೆ ಹಲ್ಲಿನ ಜೀವ ಇನ್ನೂ ಉಳಿಯಬಹುದು. ರಾತ್ರಿಯೆಲ್ಲ ತಾನಾಗಿ ಮಿಡಿಯುವ ನೋವಾದರೆ ಒಳಗಿನ ತಿರುಳು ಕೆಟ್ಟಿದೆಯೆಂದು ಬಗೆಯಬೇಕು. ರೋಗನಿರ್ಣಯದ ಅರ್ಧ ದಾರಿಯನ್ನು ಆ ಪದಗಳೇ ಸವೆಸುತ್ತವೆ. ಅವಳ ಕೇಸ್ ಹಾಳೆಗಳಲ್ಲಿ ಅವು ಕನ್ನಡ ಲಿಪಿಯಲ್ಲಿ, ತೆಲುಗು ಲಿಪಿಯಲ್ಲಿ, ಉದ್ಧರಣ ಚಿಹ್ನೆಯೊಳಗೆ ಇರುತ್ತಿದ್ದವು. ಭಾಷೆ ಓದುವವರು ಇಂಥ ಹಾಳೆಗಳನ್ನು ಒಮ್ಮೆ ನೋಡಬೇಕು. ನೋವಿಗೆ ಒಂದು ಸೀಮೆಯ ಜನ ಎಷ್ಟು ಹೆಸರಿಟ್ಟಿದ್ದಾರೆಂಬುದು ನಿಘಂಟಿಗಿಂತ ಅಲ್ಲಿ ಚೆನ್ನಾಗಿ ಕಾಣುತ್ತದೆ.

ಎರಡನೆಯ ವರ್ಷದಲ್ಲಿ ಕೆಲಸಗಳು ಒಂದರ ಮೇಲೊಂದು ಬಂದು ಕುಳಿತವು. ಬೆಳಿಗ್ಗೆ ಎಂಟೂವರೆಗೆ ಸೆಮಿನಾರು, ಒಂಬತ್ತರಿಂದ ರೋಗಿಗಳು, ಮಧ್ಯಾಹ್ನ ಕಿರಿಯರ ತರಗತಿ, ಸಂಜೆ ಲ್ಯಾಬು, ರಾತ್ರಿ ಪ್ರಬಂಧದ ಅಂಕಿ ಅಂಶ. ಮುಗಿಸಬೇಕಾದ ಕೇಸುಗಳಿಗೆ ಲೆಕ್ಕವುಂಟು. ಆ ಲೆಕ್ಕಕ್ಕೆ ಒದಗುವ ರೋಗಿಗಳನ್ನು ಹುಡುಕುವ ಹೊಣೆ ಅನೇಕ ಕಡೆ ಪಿಜಿಗಳದೇ. ಮೂರು ಸಲ ಬರಬೇಕಾದ ರೋಗಿ ನೋವು ಇಳಿದ ಮೇಲೆ ಎರಡನೆಯ ಸಲಕ್ಕೆ ಬರುವುದಿಲ್ಲ. ಬಿತ್ತನೆಯ ಕಾಲ, ಮದುವೆ, ಬಸ್ಸಿನ ದುಡ್ಡು, ಏನಾದರೊಂದು. ಅವನನ್ನು ಫೋನು ಮಾಡಿ ಕರೆಯಬೇಕು. ಬಸ್ಸಿನ ದುಡ್ಡನ್ನು, ಕೆಲವೊಮ್ಮೆ ಚಿಕಿತ್ಸೆಯ ಶುಲ್ಕವನ್ನೂ ತಮ್ಮ ಕೈಯಿಂದ ಕೊಟ್ಟ ಪಿಜಿಗಳು ಎಲ್ಲ ಕಾಲೇಜುಗಳಲ್ಲಿಯೂ ಸಿಗುತ್ತಾರೆ. ಇದನ್ನು ಪರೋಪಕಾರವೆಂದು ಹೊಗಳುವುದು ಸುಲಭ. ಅದು ಪರೀಕ್ಷೆಗೆ ಕೂರಲು ತೆರುವ ಸುಂಕ.

ದೇಹವೂ ಲೆಕ್ಕ ಇಡುತ್ತದೆ. ಒಂದು ಚದರಂಗುಲದ ಬೆಳಕಿನೊಳಗೆ ಕಣ್ಣು ನೆಟ್ಟು, ಕತ್ತು ಬಾಗಿಸಿ, ಕನ್ನಡಿಯಲ್ಲಿ ತಿರುಗುಮುರುಗಾಗಿ ಕಾಣುವುದನ್ನು ನೇರವಾಗಿ ತಿದ್ದುವ ಕೆಲಸ. ಕಿವಿಯ ಪಕ್ಕದಲ್ಲಿ ನಿಮಿಷಕ್ಕೆ ಮೂರು ಲಕ್ಷಕ್ಕೂ ಹೆಚ್ಚು ಸುತ್ತು ತಿರುಗುವ ಡ್ರಿಲ್ಲಿನ ಕೀರಲು. ಕುರ್ಚಿಯಲ್ಲಿರುವವನು ಹೆದರಿದ್ದಾನೆ; ಆ ಹೆದರಿಕೆ ವೈದ್ಯೆಯ ಬೆರಳಿಗೂ ಹತ್ತುತ್ತದೆ. ದಂತವೈದ್ಯರ ಹತ್ತಿರಕ್ಕೆ ಯಾರೂ ಸಂತೋಷದಿಂದ ಬರುವುದಿಲ್ಲವೆಂಬುದು ಆ ವೃತ್ತಿಯ ಮೊದಲ ದಿನದಿಂದ ಕೊನೆಯ ದಿನದವರೆಗಿನ ಸತ್ಯ. ದಿನಕ್ಕೆ ಹತ್ತು ಸಲ ಅದನ್ನು ಎದುರಿಸುವುದು ಇಪ್ಪತ್ತಾರರ ಪ್ರಾಯಕ್ಕೆ ಹಗುರವಾದ ಹೊರೆಯಲ್ಲ.

ಆದರೂ ದಣಿವು ಒಂದೇ, ಬಳಲಿ ಬತ್ತಿಹೋಗುವುದು ಬೇರೆ. ಈ ವ್ಯತ್ಯಾಸವನ್ನು ಮೊದಲು ಬರೆದಿಟ್ಟವರಲ್ಲಿ ನ್ಯೂಯಾರ್ಕಿನ ಮನಶ್ಶಾಸ್ತ್ರಜ್ಞ ಹರ್ಬರ್ಟ್ ಫ್ರಾಯ್ಡೆನ್‌ಬರ್ಗರ್ ಒಬ್ಬ. ಬಡವರಿಗಾಗಿ ನಡೆಯುತ್ತಿದ್ದ ಉಚಿತ ಚಿಕಿತ್ಸಾಲಯದಲ್ಲಿ ಉತ್ಸಾಹದಿಂದ ದುಡಿಯುತ್ತಿದ್ದವರೇ ಕೆಲಕಾಲದ ಮೇಲೆ ಬರಿದಾಗುವುದನ್ನು ಕಂಡು 1974ರಲ್ಲಿ ಅವನು ಅದಕ್ಕೆ ‘ಬರ್ನ್‌ಔಟ್’ ಎಂಬ ಹೆಸರನ್ನು ಬಳಸಿದ. ಕ್ರಿಸ್ಟಿನಾ ಮಾಸ್ಲಾಕ್ 1981ರಲ್ಲಿ ಅದನ್ನು ಅಳೆಯುವ ಪ್ರಶ್ನಾವಳಿಯನ್ನು ರೂಪಿಸಿದರು. 2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ತನ್ನ ರೋಗಗಳ ವರ್ಗೀಕರಣದಲ್ಲಿ ಅದಕ್ಕೆ ಒಂದು ವಿವರಣೆ ಕೊಟ್ಟಿತು. ರೋಗವೆಂದು ಅಲ್ಲ, ಕೆಲಸದ ಜಾಗದಲ್ಲಿ ಹುಟ್ಟುವ ಒಂದು ಸ್ಥಿತಿಯೆಂದು. ಶಕ್ತಿ ಸೋರಿಹೋಗುವುದು, ಕೆಲಸದಿಂದ ಮನಸ್ಸು ದೂರ ಸರಿಯುವುದು, ಮಾಡಿದ್ದರಲ್ಲಿ ಸಾರ್ಥಕತೆ ಕಾಣದಿರುವುದು, ಹೀಗೆ ಅದಕ್ಕೆ ಮೂರು ಮುಖಗಳಿವೆಯೆಂದು ಅಲ್ಲಿ ಹೇಳಿದೆ. ಹಾಳೆಯ ಮೇಲೆ ಮೂರನ್ನೂ ಬೇರೆ ಬೇರೆ ಬರೆಯಬಹುದು. ಮನುಷ್ಯರಲ್ಲಿ ಅವು ಅಷ್ಟು ಶಿಸ್ತಾಗಿ ಬರುವುದಿಲ್ಲ.

ಅವಳ ಜೊತೆಗೇ ಸೇರಿದ್ದ ಮಕ್ತಲ್‌ನ ಹುಡುಗನೊಬ್ಬ ಬಾಯಿ ಮತ್ತು ದವಡೆಯ ಶಸ್ತ್ರಚಿಕಿತ್ಸೆಯ ವಿಭಾಗದಲ್ಲಿದ್ದ. ಹೆದ್ದಾರಿಯಲ್ಲಿ ಮೋಟರ್ ಸೈಕಲ್ಲಿನಿಂದ ಬಿದ್ದು ದವಡೆ ಮುರಿದುಕೊಂಡವರು ರಾತ್ರಿಯೇ ಬರುತ್ತಾರೆ. ಮೇಲಿನ ಹಲ್ಲಿಗೂ ಕೆಳಗಿನ ಹಲ್ಲಿಗೂ ತಂತಿ ಕಟ್ಟಿ ಬಾಯಿಯನ್ನು ವಾರಗಟ್ಟಲೆ ಮುಚ್ಚಿಡಬೇಕು. ಅವನು ಮೂವತ್ತಾರು ಗಂಟೆ ಎಚ್ಚರವಿದ್ದ ಮೇಲೂ ನಗಿಸುತ್ತಲೇ ಇದ್ದ. ನಗಿಸುವ ಮಾತುಗಳಲ್ಲಿ ರೋಗಿಗಳು ಮೆಲ್ಲಗೆ ಹೆಸರು ಕಳೆದುಕೊಂಡು ‘ಎಡ ದವಡೆ’, ‘ನಾಲ್ಕನೆಯ ಹಾಸಿಗೆ’ ಆದದ್ದನ್ನು ಯಾರೂ ಗಮನಿಸಲಿಲ್ಲ. ಎಲ್ಲರೂ ಅವನನ್ನು ಗಟ್ಟಿಗನೆಂದರು. ಗದ್ವಾಲದ ಇನ್ನೊಬ್ಬಳು ಸಾರ್ವಜನಿಕ ದಂತ ಆರೋಗ್ಯದ ವಿಭಾಗದವಳು. ಹಳ್ಳಿಯ ಶಾಲೆಗಳಲ್ಲಿ ಮಕ್ಕಳ ಬಾಯಿ ತೆರೆಸಿ ಹುಳುಕಾದ, ಉದುರಿದ, ತುಂಬಿಸಿದ ಹಲ್ಲುಗಳನ್ನು ಎಣಿಸುವುದು ಅವಳ ಕೆಲಸ. ಎಣಿಕೆಯ ಆ ಕ್ರಮ 1938ರಷ್ಟು ಹಳೆಯದು. ಫ್ಲೋರೈಡ್ ನೀರಿನಿಂದ ಕಂದು ಚುಕ್ಕೆಗಟ್ಟಿದ ಹಲ್ಲುಗಳನ್ನು ನಲ್ಗೊಂಡದ ಹೆಸರಿನೊಡನೆ ಪುಸ್ತಕದಲ್ಲಿ ಓದಿದ್ದವಳು ಮಕ್ಕಳ ಬಾಯಲ್ಲಿಯೇ ಕಂಡಳು. ಬರೆದುಕೊಂಡಳು. ನೀರನ್ನು ಬದಲಿಸುವುದು ಅವಳ ಕೈಯಲ್ಲಿರಲಿಲ್ಲ. ‘ಎಣಿಸೋದಷ್ಟೇ ಆಯ್ತು’ ಎಂದು ಒಂದು ಸಂಜೆ ಹೇಳಿದಳು. ಅದನ್ನು ದೂರು ಎಂದು ಯಾರೂ ಬರೆದುಕೊಳ್ಳಲಿಲ್ಲ.

ಕನ್ನಡದಲ್ಲಿ ಇದಕ್ಕೆ ಏನನ್ನಬೇಕು? ದಣಿವು, ಆಯಾಸ, ಬಳಲಿಕೆ ಎಂಬ ಪದಗಳು ದುಡಿಮೆಯ ಮಗ್ಗುಲಲ್ಲಿಯೇ ಕುಳಿತವು. ಉಂಡು ಮಲಗಿದರೆ ಎದ್ದು ಹೋಗುವಂಥವು. ಬೇಸರ, ಈ ಸೀಮೆಯ ಬಾಯಲ್ಲಿ ‘ಬ್ಯಾಸರ’, ತುಸು ಆಳದ್ದು. ಆದರೆ ಅದಕ್ಕೆ ಹೊರಗಿನ ಕಾರಣವೊಂದು ಬೇಕು. ಆ ಕಾರಣ ಕಳೆದರೆ ಬ್ಯಾಸರವೂ ಕಳೆಯಬೇಕು. ‘ಸುಸ್ತು’ ಎಂದರೆ ಜ್ವರ ನೋಡುತ್ತಾರೆ. ಇಂಗ್ಲಿಷಿನ ಪದದ ಹಿಂದೆ ಉರಿದು ಮುಗಿದ ದೀಪದ ಚಿತ್ರವಿದೆ. ಕನ್ನಡದ ಮನೆಗಳಲ್ಲಿ ದೀಪ ಆರಿತು ಎನ್ನುವುದಕ್ಕೇ ಹಿಂಜರಿಯುತ್ತಾರೆ. ದೀಪ ದೊಡ್ಡದು ಮಾಡು ಎನ್ನುತ್ತಾರೆ. ಆರುವುದನ್ನು ಬಾಯಿಬಿಟ್ಟು ಹೇಳದ ಭಾಷೆಯಲ್ಲಿ ಆರಿಹೋದವಳು ತನ್ನನ್ನು ಏನೆಂದು ಹೇಳಿಕೊಳ್ಳಬೇಕು? ಪತ್ರಿಕೆಗಳು ದೊಡ್ಡ ಸಂಸ್ಕೃತ ಪದಗಳನ್ನು ಜೋಡಿಸುತ್ತವೆ. ಅವು ಬಾಯಿಗೆ ಬರುವುದಿಲ್ಲ. ಅಡುಗೆಮನೆಯಲ್ಲಿ ಒಂದು ಮಾತಿದೆ, ಬಹುಶಃ ಇದಕ್ಕೆ ಎಲ್ಲಕ್ಕಿಂತ ಹತ್ತಿರದ್ದು: ಹಾಲು ತಳ ಹತ್ತಿತು. ಮೇಲೆ ನೋಡಿದರೆ ಹಾಲು ಬೆಳ್ಳಗೆಯೇ ಇದೆ, ಅಳತೆಯೂ ಅಷ್ಟೇ ಇದೆ, ಒಲೆಯ ಮೇಲೆ ಎಂದಿನಂತೆ ಕಾಯುತ್ತಿದೆ. ಕೆಟ್ಟದ್ದು ಕಾಣುವುದಿಲ್ಲ, ವಾಸನೆಗೆ ತಿಳಿಯುತ್ತದೆ. ಮೊದಲು ತಿಳಿಯುವುದೂ ಪಕ್ಕದಲ್ಲಿದ್ದವರಿಗೆ.

ನಾರಾಯಣಪೇಟೆಯವಳ ಕೇಸುಗಳ ಲೆಕ್ಕ ಕುಂದಲಿಲ್ಲ, ಹೆಚ್ಚಿತು. ರಾತ್ರಿ ಹನ್ನೊಂದಕ್ಕೂ ವಿಭಾಗದಲ್ಲಿ ಇರುತ್ತಿದ್ದಳು. ಮನೆಗೆ ಫೋನು ಮಾಡಿದಾಗಲೆಲ್ಲ ‘ಎಲ್ಲಾ ಚಲೋ ಅದವ್ವಾ’ ಎಂಬ ಒಂದೇ ವಾಕ್ಯ. ರೋಗಿ ಬಾಯಿ ತೆರೆದು ಮಲಗಿರುವಾಗ ಮಾತಾಡಲಾರನಾದ್ದರಿಂದ ನೋವಾದರೆ ಎಡಗೈ ಎತ್ತಬೇಕೆಂದು ಮೊದಲೇ ಹೇಳಿರುತ್ತಾರೆ. ಆ ಎರಡು ಜೀವಗಳ ನಡುವೆ ಅಷ್ಟು ಹೊತ್ತು ಉಳಿದಿರುವ ಭಾಷೆ ಅದೊಂದೇ. ಒಂದು ಮಧ್ಯಾಹ್ನ ಯಾದಗಿರಿ ಕಡೆಯ ಒಬ್ಬ ಮುದುಕಿ ಕೈ ಎತ್ತಿದಳು. ಎತ್ತಿದ ಕೈ ಗಾಳಿಯಲ್ಲಿಯೇ ನಿಂತಿತ್ತು. ಪಕ್ಕದಲ್ಲಿದ್ದ ಸಹಾಯಕಿ ‘ಮೇಡಂ, ಅಜ್ಜಿ ಕೈ’ ಎಂದಾಗ ಅವಳು ಡ್ರಿಲ್ ನಿಲ್ಲಿಸಿದಳು. ಇನ್ನಷ್ಟು ಅರಿವಳಿಕೆ ಕೊಟ್ಟು ಕೆಲಸ ಮುಗಿಸಿದಳು. ಹಲ್ಲಿಗೆ ಏನೂ ಆಗಲಿಲ್ಲ. ಮುದುಕಿ ಹೋಗುವಾಗ ಅವಳ ಗಲ್ಲ ಮುಟ್ಟಿ ಬೆರಳು ಮುರಿದು ದೃಷ್ಟಿ ತೆಗೆದು, ‘ಊಟ ಮಾಡೀ ಏನ್ ಇಲ್ಲ ಯವ್ವಾ?’ ಎಂದು ಕೇಳಿದಳು. ಅವಳನ್ನು ಆ ರಾತ್ರಿ ಹೆದರಿಸಿದ್ದು ಕೈ ಕಾಣಲಿಲ್ಲವೆಂಬುದಲ್ಲ. ಕಾಣಲಿಲ್ಲವೆಂದು ತಿಳಿದ ಮೇಲೂ ತನಗೆ ಏನೂ ಅನ್ನಿಸಲಿಲ್ಲವೆಂಬುದು.

ಇದನ್ನು ಅವಳು ಯಾರಿಗೂ ಹೇಳಲಿಲ್ಲ. ಹೇಳಿದ್ದು ಹಾಳೆಗಳು. ಅವಳ ಮಾರ್ಗದರ್ಶಕಿ ಪ್ರಬಂಧದ ದಾಖಲೆಗಳನ್ನು ತಿರುವುತ್ತಿದ್ದಾಗ ಒಂದು ವರ್ಷದ ಹಿಂದಿನ ಕೇಸ್ ಹಾಳೆಯನ್ನೂ ಆ ವಾರದ್ದನ್ನೂ ಮೇಜಿನ ಮೇಲೆ ಪಕ್ಕಪಕ್ಕದಲ್ಲಿ ಇಟ್ಟರು. ಒಂದರಲ್ಲಿ ಮೂರು ಸಾಲು, ಎರಡು ಲಿಪಿ, ‘ಚಳಕು’, ‘ಸಲುಪು’. ಇನ್ನೊಂದರಲ್ಲಿ ಒಂದು ಪದ, ಒಂದು ಅಂಕಿ: ನೋವು, 3 ದಿನ. ಅದರ ಕೆಳಗಿನ ಹಾಳೆಯಲ್ಲಿಯೂ ಅದೇ. ಅದರ ಕೆಳಗಿನದರಲ್ಲಿಯೂ ಅದೇ. ‘ಇವರೆಲ್ಲರಿಗೂ ಒಂದೇ ನೋವಾ?’ ಎಂದು ಕೇಳಿದರು. ಗದರಿಸುವ ಧ್ವನಿ ಆಗಿರಲಿಲ್ಲ. ಉತ್ತರವಾಗಿ ಅವಳು ಅತ್ತಳೆಂದರೆ ಕಥೆ ಚೆಂದವಾಗುತ್ತಿತ್ತು. ಅವಳು ಅಳಲಿಲ್ಲ; ನಾಳೆಯಿಂದ ಸರಿಯಾಗಿ ಬರೆಯುತ್ತೇನೆ ಮೇಡಂ ಎಂದಳು. ಮಾರ್ಗದರ್ಶಕಿ ಹತ್ತು ದಿನ ರಜೆ ಬರೆಸಿಕೊಂಡರು.

ಎಲ್ಲ ಪಿಜಿಗಳಿಗೂ ಇಂಥ ಓದುಗರು ಸಿಗುವುದಿಲ್ಲ. ಸಿಗದವರ ಮುಂದೆ ಇರುವುದು ಕಾಗದದ ಮೇಲಿನ ರಕ್ಷಣೆ. ರೆಸಿಡೆಂಟ್ ವೈದ್ಯರ ದುಡಿಮೆ ವಾರಕ್ಕೆ 48 ಗಂಟೆ, ಒಂದು ಸಲಕ್ಕೆ 12 ಗಂಟೆ ಮೀರಬಾರದೆಂದು ಕೇಂದ್ರ ಸರಕಾರ 1992ರಲ್ಲಿಯೇ ಹೇಳಿತ್ತು. ವೈದ್ಯಕೀಯ ವಿದ್ಯಾರ್ಥಿಗಳ ಮಾನಸಿಕ ಆರೋಗ್ಯದ ಬಗ್ಗೆ ರಾಷ್ಟ್ರೀಯ ವೈದ್ಯಕೀಯ ಆಯೋಗ ನೇಮಿಸಿದ ಕಾರ್ಯಪಡೆ 2024ರಲ್ಲಿ ವಾರಕ್ಕೆ 74 ಗಂಟೆ ಮೀರಬಾರದೆಂದು ಸಲಹೆ ಮಾಡಿತು. ಮೂವತ್ತೆರಡು ವರ್ಷಗಳಲ್ಲಿ ಮಿತಿಯೇ ಇಪ್ಪತ್ತಾರು ಗಂಟೆ ಬೆಳೆಯಿತೆಂದರೆ, ನಡೆಯುತ್ತಿದ್ದುದು ಎಷ್ಟೆಂದು ಯಾರಾದರೂ ಊಹಿಸಬಹುದು. ದಂತವೈದ್ಯಕೀಯ ಆ ಆಯೋಗದ ಕೆಳಗೂ ಬರುವುದಿಲ್ಲ. ಅದಕ್ಕೆ 1948ರ ಕಾಯಿದೆಯಿತ್ತು, ಅದರ ಜಾಗಕ್ಕೆ 2023ರಲ್ಲಿ ಹೊಸ ಕಾಯಿದೆ ಬಂದಿದೆ. ವೈದ್ಯರ ದಣಿವಿನ ಚರ್ಚೆಯಲ್ಲಿ ಹಲ್ಲಿನವರು ಪಂಕ್ತಿಯ ಕೊನೆಯವರು. ಹಲ್ಲುನೋವಿನಿಂದ ಯಾರೂ ಸಾಯುವುದಿಲ್ಲವಲ್ಲ ಎಂಬ ಮಾತು ರೋಗಿಗಿಂತ ವೈದ್ಯರಿಗೆ ಹೆಚ್ಚು ಸಲ ಕೇಳಿಸುತ್ತದೆ.

ಊರಿಗೆ ಹೊರಡುವ ಹಿಂದಿನ ರಾತ್ರಿ ಅವಳು 14416ಕ್ಕೆ ಕರೆ ಮಾಡಿದಳು. ಟೆಲಿ-ಮಾನಸ್ ಎಂಬ ಆ ಸಹಾಯವಾಣಿ 2022ರ ಅಕ್ಟೋಬರ್‌ನಿಂದ ದೇಶದಾದ್ಯಂತ ಹಗಲಿರುಳೂ ನಡೆಯುತ್ತಿದೆ. ಬೆಂಗಳೂರಿನ ನಿಮ್ಹಾನ್ಸ್ ಅದಕ್ಕೆ ಮಾರ್ಗದರ್ಶನ ಮಾಡುತ್ತದೆ, ಕರೆಗೆ ದುಡ್ಡಿಲ್ಲ. ಮೊದಲು ಭಾಷೆಯನ್ನು ಆರಿಸಿಕೊಳ್ಳಬೇಕು. ಮೂರು ಭಾಷೆಗಳಲ್ಲಿ ಅನ್ಯರ ನೋವನ್ನು ಬರೆದುಕೊಂಡವಳು ಆ ಕ್ಷಣ ತಡೆದಳು. ತನ್ನದನ್ನು ಯಾವುದರಲ್ಲಿ ಹೇಳುವುದು? ತೆಲುಗು ಶಾಲೆಯದು, ಇಂಗ್ಲಿಷ್ ಪರೀಕ್ಷೆಯದು. ಕನ್ನಡವನ್ನು ಒತ್ತಿದಳು. ಆಚೆಯ ಧ್ವನಿ ‘ಹೇಳಿ’ ಎಂದಾಗ ಬಾಯಿಗೆ ಬಂದದ್ದು ‘ಏನೂ ಆಗಿಲ್ರೀ’ ಎಂಬ ಮಾತು. ಆಚೆಯವರು ಕಾದರು. ಅರ್ಧ ಗಂಟೆಯ ಮೇಲೆ ಕರೆ ಮುಗಿದಾಗಲೂ ಬರ್ನ್‌ಔಟ್ ಎಂಬ ಪದ ಅವರಿಬ್ಬರ ನಡುವೆ ಬಂದಿರಲಿಲ್ಲ. ಅಜ್ಜಿಯ ಕೈ ಬಂದಿತ್ತು.

ನಾರಾಯಣಪೇಟೆಯಲ್ಲಿ ಮೊದಲ ಮೂರು ದಿನ ಅವಳು ನಿದ್ದೆ ಮಾಡಿದಳು. ತಾಯಿ ಯಾರ ಕಣ್ಣು ಬಿತ್ತೋ ಎಂದರು. ಬಂಧುಗಳು ಮದುವೆಯ ಮಾತು ತೆಗೆದರು, ಅದನ್ನು ವಿವರಿಸುವ ಅಗತ್ಯವಿಲ್ಲ. ತಂದೆ ಹೆಚ್ಚು ಮಾತಿನವರಲ್ಲ. ದಿನಚರಿಯನ್ನೆಲ್ಲ ಕೇಳಿಕೊಂಡ ಮೇಲೆ ಅವರು ಕೇಳಿದ್ದು ಒಂದೇ: ‘ನಿಮ್ಮ ದವಾಖಾನಿಗಿ ಅಮಾಸಿ ಇಲ್ಲೇನು?’

ನಗು ತರಿಸುವ ಪ್ರಶ್ನೆಯಲ್ಲ ಅದು. ಅಮಾವಾಸ್ಯೆಯ ದಿನ ಮಗ್ಗಕ್ಕೆ ಕೈ ಹಚ್ಚದಿರುವ ರೂಢಿ ನೇಕಾರರಲ್ಲಿ ಹಲವೆಡೆ ಉಂಟು. ಕಳೆದ ದಿನಗಳಲ್ಲಿ ಎಷ್ಟು ನೆಯ್ದೆ, ಹಬ್ಬ ಹತ್ತಿರ ಬಂತೇ, ಸಾಹುಕಾರ ಅವಸರ ಮಾಡುತ್ತಿದ್ದಾನೆಯೇ ಎಂದು ಯಾರೂ ಕೇಳುವುದಿಲ್ಲ. ಆ ದಿನ ಮಗ್ಗ ನಿಲ್ಲುತ್ತದೆ. ಬಯಲುಸೀಮೆಯ ರೈತ ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಅದು ಬಸವಣ್ಣನ ವಾರ. ಎತ್ತು ತನಗೆ ದಣಿವಾಗಿದೆಯೆಂದು ಅರ್ಜಿ ಬರೆಯಬೇಕಾಗಿಲ್ಲ, ದಣಿದದ್ದನ್ನು ರುಜುವಾತು ಪಡಿಸಬೇಕಾಗಿಲ್ಲ. ಬಿಡುವು ಬೇಡಿ ಪಡೆಯುವ ದಯೆಯಲ್ಲ, ತಿಥಿಯಂತೆ ತಾನಾಗಿ ಬರುವುದು. ಇಷ್ಟನ್ನು ಕಂಡುಕೊಂಡ ಸೀಮೆಯ ಮಕ್ಕಳೇ ಬಿಳಿ ಕೋಟು ತೊಟ್ಟೊಡನೆ ವಾರವೇ ಇಲ್ಲದ ಪಂಚಾಂಗಕ್ಕೆ ಸೇರುತ್ತಾರೆ.

ಇದಕ್ಕೆ ಉತ್ತರವಾಗಿ ಕಾಯಕದ ಮಾತನ್ನು ತರುವವರಿದ್ದಾರೆ. ಸಂಸ್ಥೆಗಳ ಗೋಡೆಗಳ ಮೇಲೆ ಆ ಪದ ದೊಡ್ಡ ಅಕ್ಷರದಲ್ಲಿ ಇರುತ್ತದೆ. ದುಡಿದಷ್ಟೂ ಪುಣ್ಯ ಎಂಬ ಅರ್ಥ ಅದಕ್ಕೆ ಹೇಗೋ ಅಂಟಿಕೊಂಡಿದೆ. ವಚನಕಾರರ ಕಾಯಕ ಹಾಗಿರಲಿಲ್ಲವೆಂಬುದಕ್ಕೆ ಸಾಕ್ಷಿ ಈ ಸೀಮೆಯಲ್ಲಿಯೇ ಇದೆ. ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ದಂಪತಿಗಳು ರಾಯಚೂರು ಜಿಲ್ಲೆಯ ಅಮರೇಶ್ವರದವರೆಂದು ಪ್ರತೀತಿ. ಬಿದ್ದ ಅಕ್ಕಿಯನ್ನು ಆಯ್ದು ತರುವುದು ಅವರ ಕಾಯಕ. ಒಂದು ದಿನ ಮಾರಯ್ಯ ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದಾಗ ಲಕ್ಕಮ್ಮ ಮೆಚ್ಚಲಿಲ್ಲ. ಹೆಚ್ಚಿನದನ್ನು ಆಯ್ದ ಜಾಗದಲ್ಲಿಯೇ ಸುರಿದು ಬರಬೇಕೆಂದಳು. ಈ ಪ್ರಸಂಗವನ್ನು ಆಸೆಯ ವಿರುದ್ಧದ ಪಾಠವಾಗಿ ತರಗತಿಗಳಲ್ಲಿ ವಿವರಿಸುತ್ತಾರೆ. ಅಳತೆಯ ಪಾಠವೂ ಅದರಲ್ಲಿದೆ. ಕಾಯಕಕ್ಕೆ ಒಂದು ‘ಸಾಕು’ ಉಂಟು, ಆ ಸಾಕು ಎಂಬುದನ್ನು ಹೇಳುವ ಹಕ್ಕು ಮನೆಯೊಳಗಿನವರಿಗೂ ಉಂಟು ಎಂದು ಲಕ್ಕಮ್ಮನಿಗೆ ತಿಳಿದಿತ್ತು. ಗೋಡೆಯ ಮೇಲೆ ಬರೆಸುವವರು ಆ ಭಾಗವನ್ನು ಬಿಟ್ಟಿದ್ದಾರೆ.

ಹನ್ನೊಂದನೆಯ ದಿನ ಅವಳು ಮಕ್ತಲ್ ಮಾರ್ಗದ ಬಸ್ಸು ಹಿಡಿದು ಹಿಂದಿರುಗಿದಳು. ಏನೂ ಬದಲಾಗಿರಲಿಲ್ಲ. ಬಾಕಿ ಕೇಸುಗಳು ಅಷ್ಟೇ ಇದ್ದವು, ಪ್ರಬಂಧ ಒಪ್ಪಿಸುವ ದಿನಾಂಕ ಹತ್ತು ದಿನ ಹತ್ತಿರ ಬಂದಿತ್ತು. ಮಕ್ತಲ್‌ನವನು ಒಂದು ಓದದ ಹಾಸ್ಯದಿಂದ ಸ್ವಾಗತಿಸಿದ. ಆಮೇಲೆ ತಾನೂ ಮೂರು ತಿಂಗಳಿಂದ ಊರಿಗೆ ಹೋಗಿಲ್ಲವೆಂದು, ನಗದೆ, ಹೇಳಿದ. ಆ ರಾತ್ರಿ ಮೆಸ್ಸಿನಲ್ಲಿ ಊಟ ಮುಗಿದ ಮೇಲೂ ಆರು ಮಂದಿ ಪಿಜಿಗಳು ಎದ್ದು ಹೋಗಲಿಲ್ಲ. ಅವಳು ತಂದೆಯ ಪ್ರಶ್ನೆಯನ್ನು ಹೇಳಿದಳು. ಮೊದಲು ಎಲ್ಲರೂ ನಕ್ಕರು. ಗದ್ವಾಲದವಳು ಎಣಿಕೆಯಲ್ಲಿ ಪಳಗಿದವಳಾದ್ದರಿಂದ ಒಂದು ಹಾಳೆಯಲ್ಲಿ ಚೌಕಳಿ ಗೀಚಿ, ಯಾರ ಕೆಲಸವನ್ನು ಯಾರು ಯಾವ ಹೊತ್ತಿನಲ್ಲಿ ನೋಡಿಕೊಂಡರೆ ವಾರಕ್ಕೆ ಒಬ್ಬೊಬ್ಬರಿಗೆ ಅರ್ಧ ದಿನ ಬಿಡುವು ಸಿಗುತ್ತದೆಂದು ಲೆಕ್ಕ ಹಾಕಿದಳು. ವಿಭಾಗ ಬೇರೆಯಾದವರ ರೋಗಿಯನ್ನು ಮುಟ್ಟುವಂತಿಲ್ಲ. ಆದರೆ ಫೋನು ಮಾಡುವುದು, ದಾಖಲೆ ಬರೆಯುವುದು, ಎಕ್ಸ್‌ರೇ ಹುಡುಕುವುದು, ಕಿರಿಯರ ಹಾಜರಿ ಹಿಡಿಯುವುದು ಯಾರಾದರೂ ಮಾಡಬಹುದಾದ ಕೆಲಸಗಳು. ಕೂಡಿಸಿ ನೋಡಿದರೆ ಅವೇ ಅರ್ಧ ದಿನ ತಿನ್ನುತ್ತಿದ್ದವು.

ವಿಭಾಗದ ಮುಖ್ಯಸ್ಥರು ಆ ಹಾಳೆಗೆ ಸಹಿ ಹಾಕಲಿಲ್ಲ. ಹರಿಯಲೂ ಇಲ್ಲ. ಉಪಕರಣಗಳನ್ನು ಕುದಿಸಿ ತೆಗೆಯುವ ಕೋಣೆಯ ಬೀರುವಿನ ಬಾಗಿಲಿಗೆ, ಒಳಮಗ್ಗುಲಲ್ಲಿ, ಅದನ್ನು ಅಂಟಿಸಿದ್ದಾರೆ. ಎರಡು ಸಲ ತಪ್ಪಿದೆ; ಒಮ್ಮೆ ವಿಶ್ವವಿದ್ಯಾಲಯದ ತಪಾಸಣೆ ಬಂದಾಗ, ಒಮ್ಮೆ ಹಳ್ಳಿಯ ಶಿಬಿರಕ್ಕೆ ಎಲ್ಲರೂ ಹೋಗಬೇಕಾದಾಗ. ಹಾಳೆಯ ತಲೆಯ ಮೇಲೆ ಯಾರೋ ಪೆನ್ಸಿಲಿನಲ್ಲಿ ‘ಅಮಾಸಿ’ ಎಂದು ಬರೆದಿದ್ದಾರೆ. ಈ ವಾರ ಮಂಗಳವಾರ ಮಧ್ಯಾಹ್ನ ಎರಡರ ಮೇಲೆ ನಾರಾಯಣಪೇಟೆಯವಳ ಸರದಿ.